ಮಹಡಿ ಮೇಲಿನ ಅಂಗಡಿ

"ಕೈ ನಡುಗ್ತಿದ್ರೆ 'ಕಳಿಸು' ಬಟನ್ ನಾನೇ ಒತ್ತಲಾ, ಮೇಡಂ?" ಎಂದ ಮೊಬೈಲ್ ರಿಪೇರಿಯವನು.

"ಯಾರು ನಡುಗ್ತಿರೋದು? ನಿಮ್ಮ ಫ್ಯಾನು ಜೋರಾಗಿದೆ," ಎಂದಳು ಬ್ಯಾಂಕಿನ ಅಧಿಕಾರಿಣಿ.

ವಿದೇಶಕ್ಕೆ ಹಣ ಕಳಿಸುವ ಕೌಂಟರು ಅವಳದು. ಒಬ್ಬರು ವರ್ಷಕ್ಕೆ ಇಷ್ಟೇ ಕಳಿಸಬಹುದೆಂದು ಸರ್ಕಾರ ಈಚೆಗೆ ತೀರಾ ತಗ್ಗಿಸಿದ ಮಿತಿ ಅವಳಿಗೆ ಬಾಯಿಪಾಠ. ಅವಳ ಪಾಲಿನದು ಮಗನ ಕಾಲೇಜಿಗೇ ಮುಗಿದಿತ್ತು. ಈಗ ಅವನಿಗೆ ಹಾಸ್ಟೆಲಿನಲ್ಲಿ ಒಬ್ಬನೇ ಇರುವ ಕೋಣೆ ಬೇಕಂತೆ. ಇಲ್ಲಿ ನೋಟು ಕೊಟ್ಟರೆ ಈತ ಕ್ರಿಪ್ಟೋ ಕಾಯಿನ್ ಮಾಡಿ ಕಳಿಸುತ್ತಾನೆ, ಅಲ್ಲಿ ಮಗ ಮಾರಿಕೊಳ್ಳುತ್ತಾನೆ. ನಡುವೆ ಯಾವ ಕೌಂಟರೂ ಇಲ್ಲ.

ಬೆಳಿಗ್ಗೆಯಷ್ಟೇ ಬ್ಯಾಂಕಿನ ಗಾಜಿನಾಚೆ ಒಬ್ಬ ದರ್ಜಿ ನಿಂತಿದ್ದ. ಪರದೇಶದಲ್ಲಿ ಮಗಳಿಗೆ ಆಪರೇಷನ್, ಮುಂಗಡ ಕಟ್ಟದೆ ಆಸ್ಪತ್ರೆಯವರು ಮುಟ್ಟುವುದಿಲ್ಲ. ಅವನ ಮಿತಿಯೂ ಮುಗಿದಿತ್ತು. "ಕಾಯಿನ್ನು ಗೀಯಿನ್ನು ಅಂತ ಹೋಗಬೇಡಿ, ಜೈಲಾಗುತ್ತೆ," ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಬುದ್ಧಿ ಹೇಳಿದ್ದಳು.

ಬಾಗಿಲು ಕಿರುಗುಟ್ಟಿತು. ಬಂದವನು ಅದೇ ದರ್ಜಿ. ಅವಳನ್ನು ನೋಡಿದ, ಮೇಜಿನ ಮೇಲಿನ ನೋಟಿನ ಕಟ್ಟು ನೋಡಿದ, ಬಿಳಿಚಿಕೊಂಡ.

"ನಾನಿನ್ನೂ ಏನೂ ಕೊಟ್ಟಿಲ್ಲ, ಮೇಡಂ. ಬರೀ ವಿಚಾರಿಸೋಣ ಅಂತ ಬಂದೆ. ನೀವೇ ಹಿಡಿಯೋಕೆ ಬರ್ತೀರಿ ಅಂತ ಗೊತ್ತಿರಲಿಲ್ಲ."

ರಿಪೇರಿಯವನು ಸ್ಕ್ರೂಡ್ರೈವರ್ ಡಬ್ಬಿಯೊಳಗೆ ತಲೆ ಹುದುಗಿಸಿದ. ಅವಳು ಬಾಯಿ ತೆರೆದಳು. ನಿಜ ಹೇಳಲೆಂದೇ ತೆರೆದದ್ದು. ಹೊರಬಿದ್ದದ್ದು ಕೌಂಟರಿನ ದನಿ.

"ಈ ಸಲ ಬಿಟ್ಟಿದ್ದೀನಿ. ಹೋಗಿ."

"ದೊಡ್ಡ ಮನಸ್ಸು, ತಾಯಿ. ಅಲ್ಲೇ ಎಲ್ಲಾದ್ರೂ ಕೈಸಾಲ ಹುಟ್ಟುತ್ತಾ ಅಂತ ಅಳಿಯನಿಗೆ ಕೇಳ್ತೀನಿ." ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ರಿಪೇರಿಯವನು ತಲೆಯೆತ್ತಿದ. "ಬೇಲಿ ಹೊಲ ಮೇಯೋದು ಕೇಳಿದ್ದೆ. ಮೇಯ್ತಾ ಮೇಯ್ತಾನೇ ಹಸೂನ ಗದರಿಸಿದ್ದು ಇವತ್ತು ನೋಡಿದೆ."

ಅವಳು ನೋಟಿನ ಕಟ್ಟನ್ನು ಅವನತ್ತ ತಳ್ಳಿದಳು.

"ಕರೀಲಾ? ಇನ್ನೂ ಮೆಟ್ಟಿಲ ಮೇಲಿರ್ತಾರೆ."

ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದು ಕೇಳುತ್ತಿತ್ತು. ಅದು ನಿಲ್ಲುವವರೆಗೂ ಅವಳು ಮೇಜನ್ನೇ ನೋಡುತ್ತಿದ್ದಳು.

"ಮೊದಲು ನನ್ನದು ಮುಗಿಸಿ," ಎಂದಳು.

ಅವನು ಒತ್ತಿದ. ಚಹಾ ಆರುವಷ್ಟು ಹೊತ್ತೂ ಆಗಲಿಲ್ಲ, "ಬಂತು ಅಮ್ಮ" ಎಂದು ಮಗನ ಸಂದೇಶ. ಜೊತೆಗೊಂದು ನಗುವ ಮುಖ.

ಹೊರಡಲು ಎದ್ದವಳು ಕಿಟಕಿಯ ಬಳಿ ನಿಂತಳು. ಕೆಳಗೆ, ಮುಚ್ಚಿದ ಅಂಗಡಿಯೊಂದರ ಮುಂದೆ, ದರ್ಜಿ ಫೋನು ಕಿವಿಗೊತ್ತಿಕೊಂಡು ಆ ಕಡೆಯವರು ಎತ್ತುವುದನ್ನು ಕಾಯುತ್ತಿದ್ದ. ಇನ್ನೊಂದು ಕೈ ಕೊರಳಿನ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಸುತ್ತುತ್ತಿತ್ತು.