ಅಮೃತಮ್ಮನ ಹರಕೆಯ ಹುಂಜ

ಅಮೃತಮ್ಮ ನಡೆದು ಬಂದರೆ ಕಗ್ಗದಾಸಪುರದ ನಮ್ಮ ಓಣಿಯಲ್ಲಿ ಸ್ಕೂಟರುಗಳೇ ಬದಿಗೆ ಸರಿಯುತ್ತಿದ್ದವು. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ಗಾರೆಬುಟ್ಟಿ ಇಳಿಸಿ ಗಂಟೆಗಳಾದರೂ ಹೊತ್ತವಳಂತೆಯೇ ನೆಟ್ಟಗೆ ನಿಂತ ಕತ್ತು. ರಾಯಚೂರು ಸೀಮೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಈ ಹೆಂಗಸು ಯಾರ ಮುಂದೆಯೂ ತಲೆ ಬಾಗಿಸಿದ್ದನ್ನು, ಎದುರುಮನೆಯ ನಾನು ನಾಲ್ಕು ವರ್ಷಗಳಲ್ಲಿ ಕಾಣಲಿಲ್ಲ.

ಇಂಥವಳಿಗೆ ಇಂಥದೇ ಹುಂಜ. ಗಂಡ ಹುಸೇನಪ್ಪ ಕಟ್ಟಡಕ್ಕೆ ಕಟ್ಟಿದ ಸಾರುವೆಯ ಮೇಲಿಂದ ಬಿದ್ದು ಆಸ್ಪತ್ರೆ ಸೇರಿದ ದಿನ, ಅವನು ಎದ್ದು ನಡೆದಾಡಿದರೆ ಹುಂಜವೊಂದನ್ನು ಒಪ್ಪಿಸುವೆನೆಂದು ಊರಿನ ಮಾರೆಮ್ಮನಿಗೆ ಹರಕೆ ಹೊತ್ತು, ಒಂದು ಮರಿಯನ್ನು ತಂದು ದೇವಿಯ ಹೆಸರಿನಲ್ಲಿ ಬಿಟ್ಟಿದ್ದಳು. ಹುಸೇನಪ್ಪ ಎದ್ದ. ಮರಿಯೂ ಬೆಳೆಯಿತು, ಶುದ್ಧ ಪುಂಡನಾಗಿ ಬೆಳೆಯಿತು. ಹಾಲಿನವನನ್ನು ಅಟ್ಟಿಸಿಕೊಂಡು ಹೋಯಿತು; ನನ್ನ ಹಿಮ್ಮಡಿಯಲ್ಲಿ ರಕ್ತ ಬರಿಸಿತು, ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಮೇಲೆ ಮಂಕರಿ ಕವುಚಿಟ್ಟರೆ ಆ ಬುಟ್ಟಿಯನ್ನೇ ಹೊತ್ತು ತಿರುಗುತ್ತಿತ್ತು. ದೇವರಿಗೆ ಬಿಟ್ಟ ಕೋಳಿಯನ್ನು ಹೊಡೆಯುವಂತಿಲ್ಲ, ಮಾರುವಂತಿಲ್ಲ, ಕೊಯ್ಯಲು ಬೇರೆಯವರ ಕೈಗೆ ಕೊಡುವಂತೆಯೂ ಇಲ್ಲ.

ಕೊನೆಗೊಂದು ದಿನ ಅದು ಅವರ ಮನೆ ಮಾಲೀಕ ಅಬ್ರಾರ್ ಸಾಹೇಬರ ಮೊಮ್ಮಗಳು ಮಾಹಿರಾಳ ಹುಬ್ಬಿಗೆ ಕುಕ್ಕಿತು. ಕಣ್ಣು ಉಳಿದದ್ದೇ ಪುಣ್ಯ. ಸಾಹೇಬರು ಸಾಧು ಮನುಷ್ಯ, ಆದರೆ ಅಂದು ಅಮೃತಮ್ಮನ ಬಾಗಿಲಿಗೇ ಬಂದು ನಿಂತರು.

"ನೋಡಮ್ಮಾ, ಭಾನುವಾರದೊಳಗೆ ಅದನ್ನ ಕೊಯ್ಸಿಬಿಡಿ. ಇಲ್ಲಾ, ರೂಮ್ ಖಾಲಿ ಮಾಡಿ. ಮಗು ಕಣ್ಣು ಹೋಗಿದ್ರೆ ಏನ್ ಮಾಡ್ತಿದ್ರಿ?"

"ನಿಮ್ಮ ಮಾತು ಖರೇ ಐತ್ರಿ," ಎಂದಳು ಅಮೃತಮ್ಮ. "ಆದ್ರ ಮಾರೆಮ್ಮನ ಹಬ್ಬಕ್ಕ ಇನ್ನಾ ಎರಡು ತಿಂಗಳೈತಿ. ಅಲ್ಲೀತನಕ ಇದರ ಕುತ್ತಿಗಿಗೆ ಯಾರೂ ಕೈ ಹಚ್ಚಂಗಿಲ್ಲ."

ಓದಿದವನೆಂಬ ಗರ್ವದಿಂದ ನಾನು ನಡುವೆ ಬಾಯಿ ಹಾಕಿದೆ. ಇದನ್ನು ಕೊಯ್ಸಿ, ಹಬ್ಬಕ್ಕೆ ಬೇರೊಂದು ಹುಂಜ ಕೊಂಡು ಒಪ್ಪಿಸಿದರೆ ಆಯಿತಲ್ಲ ಎಂದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾ ಬೇಡಿಕೊಂಡಾಗ ಆಕಿ ನನಗ ಬೇರೆ ಗಂಡನ್ನ ಕೊಟ್ಟಳೇನ್ರಿ?"

ಶನಿವಾರವೇ ಅವರು ಕೋಣೆ ಬಿಟ್ಟರು, ಕೃಷ್ಣರಾಜಪುರದ ಆಚೆಗಿನ ಅರ್ಧ ಕಟ್ಟಿದ ಕಟ್ಟಡವೊಂದಕ್ಕೆ. ಹುಸೇನಪ್ಪ ಕುಂಟುತ್ತ ಟ್ರಂಕು ಹೊತ್ತ. ಅಮೃತಮ್ಮನ ತಲೆಯ ಮೇಲೆ ಗಂಟು, ಕಂಕುಳಲ್ಲಿ ಅವಳನ್ನೇ ಕುಕ್ಕುತ್ತಿದ್ದ ಹುಂಜ. ಹೋಗುವ ಮುನ್ನ ಮಾಹಿರಾಳ ಗಾಯ ಸವರಿ "ತಪ್ಪಾತವ್ವಾ" ಎಂದಳು. ಕ್ಷಮೆ ಕೋಳಿಯ ಪರವಾಗಿ; ಹರಕೆಯ ಪರವಾಗಿ ಆಕೆ ಯಾರ ಕ್ಷಮೆಯನ್ನೂ ಕೇಳಲಿಲ್ಲ.

ಹುಂಜ ಸಾಯುವುದು ಆಕೆಗೆ ಗೊತ್ತಿತ್ತು; ಒಯ್ದು ಒಪ್ಪಿಸುವವಳು ತಾನೇ ಎಂಬುದೂ ಗೊತ್ತಿತ್ತು. ನಾವು ವಿದ್ಯಾವಂತರು ಇದನ್ನು ಮೂಢನಂಬಿಕೆಯೆಂದು ನಕ್ಕು ಬಾಗಿಲು ಹಾಕಿಕೊಳ್ಳುತ್ತೇವೆ. ಕೊಟ್ಟ ಮಾತಿಗೆ ಬದಲಿ ಹುಡುಕುವ ನಮ್ಮ ಜಾಣತನವನ್ನು ಕಲಿಯದ ಇಂಥವರು ಮಾತ್ರ, ಜೀವಮಾನವಿಡೀ ಬಾಡಿಗೆ ಕೋಣೆಗಳಲ್ಲಿ ಬಾಳಿದರೂ ಯಾರ ಮುಲಾಜಿನಲ್ಲೂ ಬಾಳುವುದಿಲ್ಲ.