ಹದಿನೇಳು, ಹದಿನೆಂಟನೇ ಪುಟ

ಮಗಳನ್ನು ಶಾಲೆ ಬಿಡಿಸಿದ್ದು ಅವಳು ದಡ್ಡಿ ಎಂದಲ್ಲ, ಜಾಣೆಯಾಗಿಬಿಟ್ಟಳು ಎಂದು. ಮೂರನೇ ತರಗತಿಯ ಕೊನೆಯಲ್ಲಿ ಪೋಷಕರ ಸಭೆಗೆ ಹೋದಾಗ ಟೀಚರು ನಗುತ್ತಲೇ ಹೇಳಿದ್ದರು: "ಮೊದ್ಲು ಎಲ್ಲದಕ್ಕೂ ಅಡ್ಡಮಾತು. ಈಗ ನೋಡಿ, ತುಟಿ ಪಿಟಕ್ ಅನ್ನಲ್ಲ. ತುಂಬಾ ಸುಧಾರಿಸಿದ್ದಾಳೆ." ತಾಯಿ ಆ ಸುಧಾರಣೆಯನ್ನು ಕೈಹಿಡಿದು ಮನೆಗೆ ಕರೆತಂದಳು. ಮತ್ತೆ ಕಳಿಸಲಿಲ್ಲ.

ಹುಡುಗಿಗೆ ಮನೆಯಲ್ಲಿ ಕೊಕ್ಕೆ ಎಂದು ಹೆಸರು. ಅಜ್ಜ ಇಟ್ಟದ್ದು. ಮಾತು ಬಂದಾಗಿನಿಂದ ಯಾರು ಏನು ಹೇಳಿದರೂ "ಆದ್ರೆ" ಎಂದು ಒಂದು ಕೊಕ್ಕೆ ಹಾಕುತ್ತಿದ್ದಳು. ಹಾಲು ಕುಡಿದರೆ ಎತ್ತರ ಆಗ್ತೀಯ ಅಂದರೆ, ಆದ್ರೆ ಬೆಕ್ಕೂ ಕುಡಿಯುತ್ತಲ್ಲ, ಅದ್ಯಾಕೆ ಅಷ್ಟೇ ಇದೆ ಎನ್ನುವಳು. ಶಾಲೆ ಮೂರು ವರ್ಷದಲ್ಲಿ ಆ ಕೊಕ್ಕೆಯನ್ನು ನೆಟ್ಟಗೆ ಮಾಡಿ ಮೊಳೆ ಮಾಡಿತ್ತು.

ತಾಯಿ ಅಚ್ಚಿನ ಮನೆಯಲ್ಲಿ ಕಂಪ್ಯೂಟರ್ ಮೇಲೆ ಪುಟ ಜೋಡಿಸುವವಳು. ರಸೀದಿ ಪುಸ್ತಕ, ಕರಪತ್ರ, ಔಷಧಿ ಡಬ್ಬಿಯೊಳಗಿನ ಮಡಿಕೆ ಕಾಗದ, ಯಾರೂ ಓದದ ವಾರ್ಷಿಕ ವರದಿ. ಮಧ್ಯಾಹ್ನ ಹನ್ನೆರಡರಿಂದ ಏಳರವರೆಗೆ ಅಲ್ಲಿ. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಅಡುಗೆಮನೆಯ ಮೇಜೇ ಶಾಲೆ. ಮೇಜಿನ ಒಂದು ತುದಿಯಲ್ಲಿ ಪುಸ್ತಕ, ಇನ್ನೊಂದು ತುದಿಯಲ್ಲಿ ಅಜ್ಜ ಈರುಳ್ಳಿ ಹೆಚ್ಚುತ್ತಾ ಕೂತಿರುತ್ತಿದ್ದ. ಅಜ್ಜ ಎಂದರೆ ತಾಯಿಯ ಅಪ್ಪ, ಗಾಜಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕುಲುಮೆ ನೋಡಿಕೊಂಡವನು. ಕಣ್ಣಿನ ರೆಪ್ಪೆಯ ಕೂದಲು ಅಲ್ಲೇ ಸುಟ್ಟುಹೋಗಿ ಮತ್ತೆ ಸರಿಯಾಗಿ ಬಂದಿರಲಿಲ್ಲ. ಈರುಳ್ಳಿಗೆ ಅವನ ಕಣ್ಣು ಜಗ್ಗುತ್ತಿರಲಿಲ್ಲ.

ಯಾವ ಪಠ್ಯ ಎಂಬ ಪ್ರಶ್ನೆ ಮೊದಲ ತಿಂಗಳಲ್ಲೇ ಎದ್ದಿತು. ಒಂದು ಕಂಪನಿ ನೂರಾ ಎಂಬತ್ತು ದಿನದ ಪೆಟ್ಟಿಗೆ ಮಾರುತ್ತಿತ್ತು. ಪ್ರತಿ ದಿನಕ್ಕೂ ಒಂದು ಲಕೋಟೆ, ಅದರೊಳಗೆ ಮಗು ಮಾಡಬೇಕಾದ್ದು, ತಾಯಿ ಆಡಬೇಕಾದ ಮಾತು ಎಲ್ಲ ಅಚ್ಚಾಗಿ ಬರುತ್ತಿತ್ತು. ಮಾದರಿ ಲಕೋಟೆಯಲ್ಲಿ 'ಈಗ ಮಗುವನ್ನು ಹೊಗಳಿ' ಎಂದು ಓದಿ ತಾಯಿ ಅದನ್ನು ವಾಪಸ್ಸು ಕಳಿಸಿದಳು. ಇನ್ನೊಂದು ಕಡೆ, ಮನೆಯಲ್ಲೇ ಕಲಿಸುವ ತಂದೆತಾಯಂದಿರ ಒಂದು ಗುಂಪಿತ್ತು. ಅವರು ಪಠ್ಯವೇ ಬೇಡ, ಮಗು ಹೂವಿನ ಹಾಗೆ ತಾನೇ ಅರಳುತ್ತದೆ ಎನ್ನುವವರು. ಅವರ ಮನೆಗಳಿಗೆ ಒಮ್ಮೆ ಹೋಗಿಬಂದ ಮೇಲೆ ಅವಳಿಗೆ ತಿಳಿದದ್ದು, ಅಲ್ಲಿ ಹೂವು ತಾನೇ ಅರಳಲು ತೋಟದ ಮಾಲಿ ಬೇರೆ, ಅಡುಗೆಯವಳು ಬೇರೆ, ಲೆಕ್ಕ ಹೇಳಿಕೊಡುವ ಮೇಷ್ಟ್ರು ಬೇರೆ ಇದ್ದಾರೆ ಎಂದು.

ಉಳಿದದ್ದು ಸರ್ಕಾರಿ ಪಠ್ಯಪುಸ್ತಕ. ಕಾನೂನೂ ಅದಕ್ಕೇ ಅಂಟಿಕೊಂಡಿತ್ತು. ಮನೆಯಲ್ಲಿ ಓದುವ ಮಗು ವರ್ಷಕ್ಕೊಮ್ಮೆ ಶಿಕ್ಷಣ ಕಚೇರಿಯಲ್ಲಿ ಅದೇ ಪುಸ್ತಕದ ಮೇಲೆ ಬಾಯಿಪರೀಕ್ಷೆ ಕೊಡಬೇಕು. ಐವತ್ತಕ್ಕೆ ಇಪ್ಪತ್ತೈದು ಬಾರದಿದ್ದರೆ ಅನುಮತಿ ರದ್ದು, ಮುಂದಿನ ಸೋಮವಾರದಿಂದ ಮತ್ತೆ ಶಾಲೆ. ಅದೇ ಶಾಲೆ, ಅದೇ ಬೆಂಚು.

"ಒಳ್ಳೇದಾಯ್ತು," ಎಂದ ಬಸ್ಸು ಓಡಿಸುವ ಗಂಡ. "ಪುಸ್ತಕ ಅವರದ್ದೇ, ಪರೀಕ್ಷೆ ಅವರದ್ದೇ. ಸುಮ್ನೆ ಓದಿಸು."

"ಸುಮ್ನೆ ಓದಿಸೋದಾದ್ರೆ ಶಾಲೆ ಯಾಕೆ ಬಿಡಿಸ್ಬೇಕಿತ್ತು?"

"ನೀನು ಮಗಳಿಗೆ ಪಾಠ ಹೇಳ್ತಿದೀಯೋ, ಸರ್ಕಾರದ ಜೊತೆ ಜಗಳ ಆಡ್ತಿದೀಯೋ?"

"ಎರಡೂ ಒಂದೇ."

ಗಂಡ ಬಸ್ಸಿನ ಹೊತ್ತಾಯಿತು ಎಂದು ಎದ್ದುಹೋದ. ಅವನಿಗೆ ಹೊತ್ತಾಗುವುದು ಯಾವಾಗಲೂ ಇಂಥ ಮಾತಿಗೇ.

ಜಗಳ ಶುರುವಾದದ್ದು ಐದನೇ ತರಗತಿಯ ಸಮಾಜ ಪುಸ್ತಕದಿಂದ. ಅರವತ್ತನಾಲ್ಕು ಪುಟದ ತೆಳು ಪುಸ್ತಕ, ನಡುವೆ ಎರಡು ಪಿನ್ನು. ಹದಿನೇಳು, ಹದಿನೆಂಟನೇ ಪುಟದಲ್ಲಿ ಅವರದೇ ಊರಿನ ಗಾಜಿನ ಕಾರ್ಖಾನೆಯ ಪಾಠ. 'ಕಾರ್ಖಾನೆಯು ಸ್ಥಾಪನೆಯಾದ ಮೇಲೆ ಊರು ಪ್ರಗತಿ ಹೊಂದಿತು. ನಡುವೆ ಕೆಲಕಾಲ ಸಣ್ಣ ಅಡಚಣೆ ಉಂಟಾದರೂ ಉತ್ಪಾದನೆ ಮುಂದುವರಿಯಿತು.' ಆ ಸಣ್ಣ ಅಡಚಣೆ ಎಂಬುದು ಅರವತ್ತೆರಡು ದಿನದ ಮುಷ್ಕರ. ಗೇಟಿನ ಮುಂದೆ ಒಬ್ಬ ಸತ್ತಿದ್ದ. ಹತ್ತೊಂಬತ್ತು ಜನರ ಕೆಲಸ ಹೋಗಿತ್ತು. ತಾಯಿ ಇದನ್ನೆಲ್ಲ ಕಲಿತದ್ದು ಭಾನುವಾರದ ಓದುಕೂಟದಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ. ಹತ್ತು ಹದಿನೈದು ಜನ ಒಂದೇ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಓದಿ, ಚಹಾ ಆರುವವರೆಗೆ ಕಚ್ಚಾಡುವ ಕೂಟ. ಯಾವ ಪುಟ ಕಂಡರೂ ಬರೆದವರು ಯಾರು, ಬಿಟ್ಟದ್ದು ಏನು ಎಂದು ಕೇಳುವುದನ್ನು ಅವಳು ಕಲಿತದ್ದೇ ಅಲ್ಲಿ. ಮುಷ್ಕರದ ಮೇಲೆ ಕೂಟದವರು ತಂದ ಕಿರುಹೊತ್ತಗೆ ಅವಳಿಗೆ ಬಾಯಿಪಾಠವಾಗಿತ್ತು. ಕುಲುಮೆಯವನ ಮಗಳು ಎಂದು ಅಲ್ಲಿ ಅವಳಿಗೆ ಒಂದು ತೂಕವೂ ಇತ್ತು.

ಪುಟದ ಮೇಲೆ ಗೀಟು ಎಳೆದು ಪಕ್ಕದಲ್ಲಿ ಬರೆದಿದ್ದರೆ ಮುಗಿಯುತ್ತಿತ್ತು. ಬೇರೆ ತಾಯಂದಿರಾದರೆ ಅಷ್ಟೇ ಮಾಡುತ್ತಿದ್ದರು. ಇವಳು ಪುಟ ಜೋಡಿಸುವವಳು. ಗೀಚಿದ ಪುಟ ಅವಳ ಕಣ್ಣಿಗೆ ಹಿಡಿಸುವುದಿಲ್ಲ. ಅಚ್ಚಿನ ಮನೆಯಲ್ಲಿ ಕೆಲಸ ಮುಗಿದ ಮೇಲೆ ಕೂತು, ಅದೇ ಅಕ್ಷರ, ಅದೇ ಗಾತ್ರ, ಅದೇ ಸಾಲಿನ ಅಂತರ ಹಿಡಿದು ಪಾಠವನ್ನು ಹೊಸದಾಗಿ ಬರೆದಳು. ಪುಸ್ತಕದ ಒಂದು ಹಾಳೆಗೆ ನಾಲ್ಕು ಪುಟ. ಹದಿನೇಳು, ಹದಿನೆಂಟರ ಬೆನ್ನಿಗೆ ನಲವತ್ತೇಳು, ನಲವತ್ತೆಂಟು ಅಂಟಿಕೊಂಡು ಬರುತ್ತವೆ. ಹಾಗಾಗಿ ಅಂಚೆ ವ್ಯವಸ್ಥೆಯ ಮೇಲಿನ ಪಾಠದ ಎರಡು ಪುಟವನ್ನೂ ಇದ್ದ ಹಾಗೇ ಮತ್ತೆ ಟೈಪು ಮಾಡಬೇಕಾಯಿತು. ರದ್ದಿಯಲ್ಲಿ ಅದೇ ಬೂದು ಕಾಗದ ಸಿಕ್ಕಿತು. ಪಿನ್ನು ಬಿಚ್ಚಿ, ಹಳೆಯ ಹಾಳೆ ತೆಗೆದು, ಹೊಸದನ್ನು ಕೂರಿಸಿ, ಅದೇ ತೂತಿಗೆ ಪಿನ್ನು ಹಾಕಿ ಮಡಿಸಿದಳು. ಪಾಠದ ಕೊನೆಯಲ್ಲಿ ಜಾಗ ಉಳಿಯಿತು. ಮೂಲದಲ್ಲಿ ಅಲ್ಲಿ 'ಬಿಟ್ಟ ಸ್ಥಳ ತುಂಬಿರಿ' ಇತ್ತು. ಇವಳೂ ಐದು ಬಿಟ್ಟ ಸ್ಥಳ ಬರೆದು ಆ ಜಾಗ ತುಂಬಿಸಿದಳು.

ಮಗಳಿಗೆ ಹೇಳಲಿಲ್ಲ. ಹೇಳಬಾರದೆಂದಲ್ಲ. ಕೆಲಸ ಅಷ್ಟು ಚೊಕ್ಕವಾಗಿ ಬಂದಿತ್ತು, ಅದು ಪುಸ್ತಕವೇ ಆಗಿಬಿಟ್ಟಿತ್ತು.

ವರ್ಷ ಉರುಳಿತು. ಭಿನ್ನರಾಶಿಗೆ ನಾಲ್ಕು ವಾರ ಹಿಡಿಯಿತು, ಭೂಪಟಕ್ಕೆ ಒಂದು. ಕೊಕ್ಕೆ ಹೇಳಿದ್ದನ್ನು ಓದುತ್ತಿದ್ದಳು, ಕೇಳಿದ್ದನ್ನು ಬರೆಯುತ್ತಿದ್ದಳು. ಹನ್ನೊಂದಕ್ಕೆ ಪುಸ್ತಕ ಮುಚ್ಚಿ ಅಜ್ಜನ ತುದಿಗೆ ಹೋಗಿ ಕೂರುತ್ತಿದ್ದಳು. ತಾಯಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಆ ತುದಿಯಿಂದ ಗುಸುಗುಸು, ನಗು ಕೇಳಿಸುತ್ತಿತ್ತು. ಅದು ಪಾಠದ ಹೊತ್ತಲ್ಲ ಎಂದು ತಾಯಿ ಕಿವಿಗೊಡುತ್ತಿರಲಿಲ್ಲ.

ಪರೀಕ್ಷೆಯ ದಿನ ಕಚೇರಿಯ ಎರಡನೇ ಮಹಡಿಯಲ್ಲಿ ಒಂಬತ್ತು ಪ್ಲಾಸ್ಟಿಕ್ ಕುರ್ಚಿ, ಹದಿನಾಲ್ಕು ಮಕ್ಕಳು. ತಾಯಿಗೆ ಒಳಗೆ ಹಿಂದಿನ ಗೋಡೆಗೆ ಒರಗಿ ನಿಲ್ಲಲು ಅನುಮತಿ ಸಿಕ್ಕಿತು, ಮಾತಾಡಲು ಇಲ್ಲ. ಪರೀಕ್ಷಕಿ ನಡುವಯಸ್ಸಿನವರು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕುವವರು. ಲೆಕ್ಕ, ಭಾಷೆ, ವಿಜ್ಞಾನ ಆಯಿತು. ಸಮಾಜ ಪುಸ್ತಕ ತೆರೆದರು.

"ನಮ್ಮೂರ ಗಾಜಿನ ಕಾರ್ಖಾನೆ ಬಗ್ಗೆ ಹೇಳು, ಮರಿ."

ಕೊಕ್ಕೆ ಕೈಕಟ್ಟಿ ನಿಂತು ಶುರುಮಾಡಿದಳು. ಒಂದೇ ಉಸಿರು, ಒಂದೇ ಏರು, ಒಂದೇ ಇಳಿ. ಕೆಲಸದ ಅವಧಿ ಹನ್ನೆರಡು ಗಂಟೆಯಾಗಿತ್ತು. ಮುಷ್ಕರವು ಅರವತ್ತೆರಡು ದಿನ ನಡೆಯಿತು. ಅರವತ್ತೆರಡು ದಿನ ಒಬ್ಬ ಕೆಲಸಗಾರನೂ ಗೇಟು ದಾಟಲಿಲ್ಲ. ತಾಯಿ ರಾತ್ರಿಯೆಲ್ಲ ತಿದ್ದಿ ತೀಡಿದ ಸಾಲುಗಳು ಗಿಣಿಯ ಬಾಯಿಂದ ಬಂದ ಹಾಗೆ ಬಂದವು. ಅಲ್ಪವಿರಾಮ ಇದ್ದಲ್ಲಿ ಹುಡುಗಿ ಅಲ್ಪವಿರಾಮದಷ್ಟೇ ನಿಂತಳು.

ಪರೀಕ್ಷಕಿ ತಮ್ಮ ಪುಸ್ತಕದಲ್ಲಿ ಬೆರಳಿಟ್ಟು ಹುಡುಕಿದರು. "ಇದೆಲ್ಲಿದೆ? ನನ್ನದರಲ್ಲಿ ಇಲ್ವಲ್ಲ. ನಿನ್ನ ಪುಸ್ತಕ ಕೊಡು."

ಗೋಡೆಗೆ ಒರಗಿದ್ದ ತಾಯಿ ನೆಟ್ಟಗೆ ನಿಂತಳು. ಪಠ್ಯ ತಿದ್ದಿದ್ದು ಗೊತ್ತಾದರೆ ಇಪ್ಪತ್ತೈದರ ಮಾತೇ ಇಲ್ಲ, ಅನುಮತಿ ಅಲ್ಲಿಗೇ ಮುಗಿಯಿತು. ಪರೀಕ್ಷಕಿ ಹದಿನೇಳನೇ ಪುಟ ನೋಡಿದರು, ತಿರುಗಿಸಿ ಹದಿನೆಂಟನ್ನು ನೋಡಿದರು, ಬಿಟ್ಟ ಸ್ಥಳಗಳನ್ನೂ ನೋಡಿದರು.

"ಓ. ಹೊಸ ಮುದ್ರಣ ಇರ್ಬೇಕು," ಎಂದು ಪಕ್ಕದ ಗುಮಾಸ್ತನ ಕಡೆ ತಿರುಗಿದರು. "ನೋಡ್ರೀ, ಮಕ್ಕಳ ಕೈಗೆ ಬಂದಿದೆ, ನಮಗಿನ್ನೂ ಬಂದಿಲ್ಲ."

"ನಮಗೆ ಬರೋದು ಅದು ಹಳೇದಾದ್ಮೇಲೆ ಮೇಡಂ," ಎಂದ ಗುಮಾಸ್ತ.

ಅವರು ಪುಟದ ಮೇಲೆ ಬೆರಳೋಡಿಸುತ್ತಾ ಹುಡುಗಿಯಿಂದ ಮತ್ತೊಮ್ಮೆ ಹೇಳಿಸಿದರು. ಒಂದಕ್ಷರ ತಪ್ಪಲಿಲ್ಲ. ಪುಸ್ತಕ ಮುಚ್ಚಿ, ಸುಮ್ಮನೆ ಮಾತಿಗೆಂದು ಕೇಳಿದರು: "ನಿಮ್ಮ ಮನೇಲಿ ಯಾರಾದ್ರೂ ಆ ಕಾರ್ಖಾನೇಲಿ ಇದ್ರಾ?"

ಕೊಕ್ಕೆ ತಾಯಿಯ ಕಡೆ ಒಮ್ಮೆ ನೋಡಿದಳು. "ಅದು ಪಾಠದಲ್ಲಿಲ್ಲ ಮೇಡಂ."

ಪರೀಕ್ಷಕಿ ನಕ್ಕರು. "ಜಾಣೆ. ನಲವತ್ತಾರು. ಶಾಲೆ ಮಕ್ಕಳಿಗಿಂತ ಚೆನ್ನಾಗಿ ತಯಾರಿ ಮಾಡಿಸಿದೀರಮ್ಮ." ಮುಂದಿನ ವರ್ಷದ ಅನುಮತಿ ಪತ್ರಕ್ಕೆ ಮೊಹರು ಬಿತ್ತು.

ಗೆದ್ದದ್ದಾಯಿತು. ಬಸ್ ಸ್ಟಾಪಿನ ಕಬ್ಬಿಣದ ಬೆಂಚಿನಲ್ಲಿ ತಾಯಿ ಮೊಹರಿನ ಮಸಿ ಆರಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು:

"ಆ ಎರಡು ಪುಟ ಪುಸ್ತಕದ್ದಲ್ಲ. ನಾನು ಬರೆದದ್ದು."

"ಗೊತ್ತು."

"ಹೇಗೆ?"

"ಆ ಪಾಠದಲ್ಲಿ ಮಾತ್ರ ಅಚ್ಚಿನ ತಪ್ಪಿಲ್ಲ."

ತಾಯಿಗೆ ನಗು ಬಂತು, ನಡುವೆಯೇ ನಿಂತಿತು. "ಹಾಗಾದ್ರೆ ಅಜ್ಜ ಅಲ್ಲೇ ಕೆಲಸ ಮಾಡಿದ್ದು ಅಂತ ಯಾಕೆ ಹೇಳ್ಲಿಲ್ಲ? ಅವರು ಕೇಳಿದ್ರಲ್ಲ."

"ಅಜ್ಜ ಹೇಳೋದು ಬೇರೆ."

"ಏನು ಬೇರೆ?"

"ಅಜ್ಜ ಒಳಗೆ ಹೋಗಿದ್ರಂತೆ. ಮುಷ್ಕರದಲ್ಲಿ. ಗೋಡೆ ಹಾರಿ."

ಬಸ್ಸೊಂದು ಬಂತು. ಅವರದಲ್ಲ. ಬಾಗಿಲು ತೆರೆದು, ಯಾರೂ ಹತ್ತದಿದ್ದಕ್ಕೆ ಮುಚ್ಚಿಕೊಂಡು ಹೋಯಿತು.

"ಯಾವಾಗ ಹೇಳಿದ್ರು?"

"ಆಗ್ಲೇ. ನಾನು ಆ ಪಾಠ ಓದಿದ ದಿನವೇ ಕೇಳಿದ್ದೆ."

"ನನಗ್ಯಾಕೆ ಹೇಳ್ಲಿಲ್ಲ?"

ಕೊಕ್ಕೆ ಕಾಲು ಅಲ್ಲಾಡಿಸುತ್ತಾ ರಸ್ತೆ ನೋಡಿದಳು. "ಹೇಳಿದ್ರೆ ನಾಪಾಸಾಗ್ತಿದ್ದೆ."

"ಅವರಿಗೆ ಹೇಗೆ ಗೊತ್ತಾಗುತ್ತೆ ಅಜ್ಜ ಹೋಗಿದ್ದು ಬಂದಿದ್ದು?"

"ಅವರ ಪರೀಕ್ಷೆಯಲ್ಲಿ ಅಲ್ಲ. ನಿನ್ನದರಲ್ಲಿ."

ದೂರಿನ ದನಿಯಲ್ಲ. ಹವೆ ಹೇಗಿದೆ ಎಂದು ತಿಳಿಸುವಂಥ ದನಿ. ಶಾಲೆಯಲ್ಲಿ ಮೂರು ವರ್ಷ ಕಲಿತದ್ದನ್ನು ಅವಳು ಮನೆಯಲ್ಲಿ ಎರಡು ವರ್ಷ ಚೊಕ್ಕವಾಗಿ ಅಭ್ಯಾಸ ಮಾಡಿದ್ದಳು: ಮುಂದೆ ಕೂತವರಿಗೆ ಏನು ಬೇಕೋ ಅದನ್ನು ಕೊಡುವುದು. ಅದನ್ನು ಬಿಡಿಸಲೆಂದೇ ತಾಯಿ ಮಾಡಿದ ಶಾಲೆ ಅದಕ್ಕೇ ನಲವತ್ತಾರು ತಂದುಕೊಟ್ಟಿತ್ತು.

ಮನೆಗೆ ಬಂದಾಗ ಅಜ್ಜ ಮೇಜಿನ ಬಳಿ ಗಡಿಯಾರದ ಬ್ಯಾಟರಿ ಬದಲಿಸುತ್ತಿದ್ದ.

"ಪಾಸಾ?" ಎಂದ.

"ಪಾಸು. ಅಪ್ಪಾ, ಮುಷ್ಕರದಲ್ಲಿ ನೀನು ಒಳಗೆ ಹೋಗಿದ್ಯಾ?"

ಅಜ್ಜ ಮೊಮ್ಮಗಳ ಕಡೆ ನೋಡಿದ. "ನಿನ್ನ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ವಾ?"

"ಒಂದು ವರ್ಷ ನಿಂತಿತ್ತು ಅಜ್ಜ."

"ಹೋಗಿದ್ದೆ," ಎಂದ ಅವನು. "ಏಳು ಜನ."

"ಇಷ್ಟು ವರ್ಷ ನನಗೆ ಯಾಕೆ ಹೇಳ್ಲಿಲ್ಲ?"

"ನೀನೆಲ್ಲಿ ಕೇಳಿದೆ? ಓದುಕೂಟದಿಂದ ಬಂದು ನೀನು ಹೇಳ್ತಿದ್ದೆ, ನಾನು ಕೇಳ್ತಿದ್ದೆ. ಚೆನ್ನಾಗೇ ಹೇಳ್ತಿದ್ದೆ."

"ಒಬ್ಬ ಕೆಲಸಗಾರನೂ ಗೇಟು ದಾಟಲಿಲ್ಲ ಅಂತ ಅಚ್ಚು ಹಾಕಿಬಿಟ್ಟಿದೀನಿ."

"ಅದು ಸರಿಯೇ. ನಾವು ಹಾರಿದ್ದು ಗೋಡೆ."

ತಾಯಿ ನಗಲಿಲ್ಲ. ಕುರ್ಚಿ ಎಳೆದು ಕೂತಳು. ಪಾಠ ಹೇಳುವಾಗ ಕೂರುವ ಕುರ್ಚಿ ಅಲ್ಲ, ಅದರ ಮೇಲೆ ಚೀಲ ಇತ್ತು. "ಯಾಕೆ ಹೋದೆ?"

"ಕುಲುಮೆ ಆರಿಸಿದ್ರೆ ಒಳಗಿರೋ ಗಾಜು ಗಟ್ಟಿಯಾಗಿ ಕುಲುಮೆನೇ ಬಿರಿದು ಹೋಗುತ್ತೆ. ಆಮೇಲೆ ಗೆದ್ದು ಯಾವ ಕೆಲಸಕ್ಕೆ ವಾಪಸ್ ಹೋಗ್ತೀಯ? ಬರೀ ಉರಿ ಕಾಯೋಕೆ ಹೋದ್ವಿ. ಒಂದು ಬಾಟಲಿ ಮಾಡ್ಲಿಲ್ಲ."

"ಕಾರ್ಮಿಕ ಸಂಘದವರೇ ಕಳಿಸಿದ್ದಾ?" ತಾಯಿಯ ದನಿಯಲ್ಲಿ ಒಂದು ಆಸೆ ಇತ್ತು. ವಾಕ್ಯ ಆಗಲೇ ತಲೆಯಲ್ಲಿ ಜೋಡಣೆಯಾಗುತ್ತಿತ್ತು.

"ಯಾರೂ ಕಳಿಸ್ಲಿಲ್ಲ. ಸಂಘದವರು ಗೊತ್ತಾದ್ಮೇಲೆ ನನ್ನ ಮುಖಕ್ಕೆ ಉಗಿದ್ರು. ಮಾಲೀಕ ದುಪ್ಪಟ್ಟು ಕೂಲಿ ಅಂದಿದ್ದ, ಅದೂ ಇತ್ತು. ನಿನ್ನಮ್ಮ ನಿನ್ನ ಹೊತ್ತಿದ್ಲು."

"ಹಾಗಾದ್ರೆ ದುಡ್ಡಿಗೆ ಹೋದದ್ದು."

"ಸ್ವಲ್ಪ ದುಡ್ಡಿಗೆ, ಸ್ವಲ್ಪ ಕುಲುಮೆಗೆ. ಯಾವುದು ಎಷ್ಟು ಅಂತ ನಾನು ತಕ್ಕಡಿ ಹಿಡಿದಿಲ್ಲ. ನೀನು ಬೇಕಾದ್ರೆ ಹಿಡಿ."

ಕೆಲಸ ಕಳೆದುಕೊಂಡ ಹತ್ತೊಂಬತ್ತು ಜನರ ಹೆಸರು ತಾಯಿಗೆ ಕಂಠಪಾಠವಿತ್ತು. ಈ ಏಳರಲ್ಲಿ ಒಂದೂ ಗೊತ್ತಿರಲಿಲ್ಲ.

"ಗೋಡೆ ಎಷ್ಟೆತ್ತರ ಇತ್ತು ಅಜ್ಜ?" ಕೊಕ್ಕೆ ಕೇಳಿದಳು.

"ಈ ಬಾಗಿಲಿಗಿಂತ ಒಂದು ಮೊಳ ಮೇಲೆ."

"ಆದ್ರೆ ನೀವು ಕುಳ್ಳಗಿದೀರಲ್ಲ."

"ಆಗ ಉದ್ದ ಇದ್ದೆ. ಒಬ್ಬ ಬಗ್ಗಿ ನಿಂತ, ಅವನ ಬೆನ್ನ ಮೇಲೆ ಕಾಲಿಟ್ಟು ಹತ್ತಿದೆ. ಅದು ಮುಷ್ಕರದ ನಲವತ್ತನೇ ದಿನ..."

"ಅಪ್ಪಾ, ನಲವತ್ತನೇ ದಿನ ಕರ್ಫ್ಯೂ ಇತ್ತು," ಎಂದಳು ತಾಯಿ. "ನಲವತ್ಮೂರು ಇರ್ಬೇಕು, ಯಾಕಂದ್ರೆ..."

"ಅಮ್ಮಾ," ಎಂದಳು ಮಗಳು. "ಅವರು ಹೇಳ್ಲಿ."

ತಾಯಿ ಮಾತು ನಿಲ್ಲಿಸಿದಳು. ಅಜ್ಜ ಬ್ಯಾಟರಿಯನ್ನು ಮೇಜಿನ ಮೇಲಿಟ್ಟು, ಬಗ್ಗಿ ನಿಂತವನ ಹೆಸರು ಏನೆಂದು ನೆನಪು ಮಾಡಿಕೊಳ್ಳತೊಡಗಿದ. ಹೊತ್ತು ಹಿಡಿಯಿತು. ಇಬ್ಬರೂ ಕಾದರು.