ಬಾಗಿಲಿಗೆ ಎರಡು ಪದರ

ಚನ್ನರಾಯಪ್ಪನವರ ಲಾರಿ ಕುಲುಮೆಯ ಮುಂದೆ ಬಂದು ನಿಂತಾಗ ಹಬೀಬುಲ್ಲಾ ಗುದ್ದಲಿಯೊಂದನ್ನು ತಟ್ಟುತ್ತಿದ್ದ. ತಲೆ ಎತ್ತಿ ನೋಡಿದನೇ ಹೊರತು ಕೈ ನಿಲ್ಲಿಸಲಿಲ್ಲ. ಕೆಂಪಗಿದ್ದ ಕಬ್ಬಿಣ ಕಪ್ಪಾದ ಮೇಲೆ ಇಕ್ಕಳ ಕೆಳಗಿಟ್ಟು ಎದ್ದು ಬಂದ.

ಶ್ರೀನಿವಾಸಪುರದಲ್ಲಿ ಆ ಲಾರಿಯನ್ನು ಅರಿಯದವರಿರಲಿಲ್ಲ. ಯುದ್ಧ ಮುಗಿದ ಮೇಲೆ ಬೆಂಗಳೂರು ದಂಡಿನಲ್ಲಿ ಮಿಲಿಟರಿ ಗಾಡಿಗಳನ್ನು ಹರಾಜು ಹಾಕಿದಾಗ ಮಾವಿನ ಮಂಡಿಯ ಚನ್ನರಾಯಪ್ಪ ಅದನ್ನು ಕೊಂಡಿದ್ದರು. ಓಡಿಸುತ್ತಿದ್ದವನು ಹಬೀಬುಲ್ಲಾನ ಒಬ್ಬನೇ ಮಗ ಲಿಯಾಖತ್. ಸೈನ್ಯದ ಡ್ರೈವರಾಗಿ ಬರ್ಮಾದವರೆಗೆ ಹೋಗಿ, ಮೈಮೇಲೆ ಒಂದು ಗೀರೂ ಇಲ್ಲದೆ ವಾಪಸು ಬಂದಿದ್ದವನು.

ಚನ್ನರಾಯಪ್ಪನವರ ಮಗಳು ಅನಸೂಯಮ್ಮನನ್ನು ಕೊಟ್ಟಿದ್ದು ತುಂಗಭದ್ರೆಯ ಆಚೆ, ನಿಜಾಮರ ಸೀಮೆಗೆ. ನಲವತ್ತೆಂಟನೇ ಇಸವಿಯಲ್ಲಿ ಅಲ್ಲಿ ಗಲಭೆ ಜೋರಾದಾಗ ಅವಳನ್ನು ಕರೆತರಲು ಲಾರಿ ಹೋಗಿತ್ತು. ಹೊಳೆಯ ಈಚೆ ದಡದಲ್ಲಿ ಕಾಯುತ್ತಿದ್ದಾಗ ಆಚೆಯಿಂದ ಗುಂಡು ಹಾರಿತು. ಹೊಡೆದವರು ಯಾರೋ, ಯಾರಿಗೆ ಗುರಿಯಿಟ್ಟಿದ್ದರೋ ಗೊತ್ತಾಗಲಿಲ್ಲ. ಗುಂಡು ಬಾಗಿಲನ್ನು ತೂತು ಮಾಡಿ ಲಿಯಾಖತನ ಪಕ್ಕೆಗೆ ಹೊಕ್ಕಿತು. ದಡದ ಊರಿನ ಮಸೀದಿಯವರೇ ಸಂಜೆಯೊಳಗೆ ಅವನನ್ನು ಮಣ್ಣು ಮಾಡಿದರು. ಕ್ಲೀನರ್ ಮುನಿರಾಮಪ್ಪ ಲಾರಿಯನ್ನು ಹೇಗೋ ಊರಿಗೆ ತಂದ. ಹಬೀಬುಲ್ಲಾ ಮಗನ ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣೂ ಹಾಕಲಿಲ್ಲ.

ಅದಾಗಿ ಇನ್ನೂ ತಿಂಗಳಾಗಿರಲಿಲ್ಲ.

"ಸಾಬ್ರೇ, ಕೇಳೋಕೆ ಬಾಯಿ ಬರ್ತಿಲ್ಲ," ಎಂದರು ಚನ್ನರಾಯಪ್ಪ. "ಮಗಳು ಮಕ್ಕಳನ್ನ ಕಟ್ಕೊಂಡು ಇನ್ನೂ ಅಲ್ಲೇ ಅವ್ಳೆ. ಇನ್ನೊಂದು ಸಲ ಕಳಿಸ್ಬೇಕು. ಲಾರಿ ಮುಂಭಾಗಕ್ಕೆ, ಬಾಗಿಲಿಗೆ ಕಬ್ಬಿಣ ಹೊದಿಸಿ ಕೊಡ್ತೀರಾ? ಆಗಲ್ಲ ಅಂದ್ರೆ ಮುಳಬಾಗಿಲಲ್ಲಿ ಯಾರನ್ನಾದ್ರೂ ಕೇಳ್ತೀನಿ."

ಹಬೀಬುಲ್ಲಾ ಲಾರಿಯ ಸುತ್ತ ಒಂದು ಸುತ್ತು ಬಂದ. ತನಗೆ ಕೋಪ ಬರಬೇಕಿತ್ತು ಎಂದು ಅವನಿಗೆ ಅನ್ನಿಸಿತು. ಬರಲಿಲ್ಲ.

"ದಪ್ಪ ತಗಡು ಬೇಕು ಯಜಮಾನ್ರೇ. ಪೀಪಾಯಿ ತಗಡು ಸಾಲ್ದು."

ಚಿನ್ನದ ಗಣಿಯ ಗುಜರಿಯಿಂದ ಹಳೆಯ ಬಾಯ್ಲರಿನ ತಗಡುಗಳು ಎತ್ತಿನ ಗಾಡಿಯಲ್ಲಿ ಬಂದವು. ಅವುಗಳ ಬಾಗನ್ನು ನೇರ ಮಾಡುವುದರಲ್ಲೇ ವಾರ ಕಳೆಯಿತು. ಒಂದನ್ನು ಹುಣಸೆಮರಕ್ಕೆ ಒರಗಿಸಿ ಚನ್ನರಾಯಪ್ಪ ತಮ್ಮ ಕಾಡುಹಂದಿ ಹೊಡೆಯುವ ಬಂದೂಕಿನಿಂದ ಗುಂಡು ಹಾರಿಸಿ ನೋಡಿದರು. ತಗಡಿನ ಮೇಲೆ ಬಟ್ಟಲಿನಷ್ಟು ತಗ್ಗು ಬಿತ್ತು, ಅಷ್ಟೇ. ಅವರ ಮುಖ ಅರಳಿತು.

"ಇದು ನಿಮ್ಮ ಬಂದೂಕು," ಎಂದ ಹಬೀಬುಲ್ಲಾ. "ಮಿಲಿಟರಿ ರೈಫಲ್ ಆದ್ರೆ ಹೇಳಕ್ಕಾಗಲ್ಲ. ಬಾಗಿಲಿಗೆ ಎರಡು ಪದರ ಹಾಕಿ ಮಧ್ಯೆ ಮರಳು ತುಂಬ್ತೀನಿ."

ಈ ಸಲ ಲಾರಿ ಓಡಿಸುವವನು ಮುನಿರಾಮಪ್ಪ. ಅಳತೆಗಾಗಿ ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಹಬೀಬುಲ್ಲಾ ದಾರ ಹಿಡಿದು ಸೊಂಟದಿಂದ ಭುಜ, ಭುಜದಿಂದ ಕಿವಿ ಅಳೆದ. ಲಿಯಾಖತ್ ಇವನಿಗಿಂತ ಎತ್ತರದವನು. ಬಾಗಿಲ ತೂತು ಮುನಿರಾಮಪ್ಪನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಹಬೀಬುಲ್ಲಾ ಅದರೊಳಗೆ ಬೆರಳಿಟ್ಟು ಅಂಚು ಸವರಿದ. ತಗಡು ಒಳಮುಖವಾಗಿ ಹೂವಿನಂತೆ ಬಿರಿದಿತ್ತು. ಅಷ್ಟನ್ನು ಮಟ್ಟ ಮಾಡದಿದ್ದರೆ ಒಳಗಿನ ಪದರ ಸರಿಯಾಗಿ ಕೂರುವುದಿಲ್ಲ ಎಂದಷ್ಟೇ ಅವನಿಗೆ ಹೊಳೆದದ್ದು.

"ಚಾಚಾ, ಅವತ್ತು ಅವ್ನು..." ಎಂದು ಮುನಿರಾಮಪ್ಪ ಬಾಯಿ ತೆರೆದ.

"ಹೇಳು."

"ನೀರು ಕೇಳ್ದ. ಹೊಳೆಯಿಂದ ತಂದೆ. ಕುಡ್ದ. ಆಮೇಲೆ ಬ್ರೇಕ್ ಹಾಕಿದೆಯಾ ನೋಡು ಅಂದ. ಅಷ್ಟೇ ಚಾಚಾ."

"ಹಾಕಿತ್ತಾ?"

"ಹಾಕಿತ್ತು."

ಹಬೀಬುಲ್ಲಾ ತಲೆಯಾಡಿಸಿದ. ಪಕ್ಕದೂರಿನ ಯಾರದೋ ಮಗನ ಸುದ್ದಿ ಕೇಳಿದ ಹಾಗಿತ್ತು. ದಾರಕ್ಕೆ ಗಂಟು ಹಾಕಿ ಮಡಚಿ ಜೇಬಿಗಿಟ್ಟುಕೊಂಡ.

ಮಧ್ಯಾಹ್ನ ಬುತ್ತಿ ತಂದ ಹೆಂಡತಿ ಶಹರ್ ಬಾನು ಬಾಗಿಲಿಗೆ ಹೊಸ ತಗಡು ಕೂರುವುದನ್ನು ನೋಡುತ್ತಾ ನಿಂತಳು. ಮಗ ಹೋದಮೇಲೆ ಅವಳು ಕುಲುಮೆಯ ಕಡೆ ಬಂದದ್ದು ಅದೇ ಮೊದಲು.

"ಈಗ ಮುಚ್ತಿದೀರಾ?" ಎಂದಳು.

ಅವನು ಇನ್ನೊಂದು ರಿವೆಟ್ ಹೊಡೆದ. ಅವಳು ಬುತ್ತಿಯನ್ನು ಅಲ್ಲೇ ಇಟ್ಟು ಹೊರಟುಹೋದಳು. ಮುಂದಿನ ಗಾಜಿನ ಜಾಗಕ್ಕೆ ತಗಡು ಬಂದು, ರಸ್ತೆ ನೋಡಲು ಕೈಯಗಲದ ಸೀಳು ಮಾತ್ರ ಉಳಿಯಿತು. ಸಂಜೆಯಾದರೂ ಬುತ್ತಿಯ ಗಂಟು ಬಿಚ್ಚಿರಲಿಲ್ಲ.

ಲಾರಿ ಹೋಯಿತು. ಭಾರಕ್ಕೆ ಮದನಪಲ್ಲಿಯ ದಿಣ್ಣೆಯಲ್ಲೇ ಎಂಜಿನ್ ಕುದಿಯಿತಂತೆ. ಆದರೂ ಹೊಳೆ ಮುಟ್ಟಿತು. ಅನಸೂಯಮ್ಮ ಮಕ್ಕಳೊಂದಿಗೆ ಹರಿಗೋಲಿನಲ್ಲಿ ದಾಟಿ ಬಂದಳು. ಈ ಸಲ ಯಾರೂ ಒಂದು ಗುಂಡೂ ಹಾರಿಸಲಿಲ್ಲ. ತಗಡಿನ ಮೇಲೆ ಧೂಳು ಬಿಟ್ಟರೆ ಏನೂ ಇರಲಿಲ್ಲ. ಅನಸೂಯಮ್ಮ ಮನೆಗೂ ಹೋಗದೆ ಮೊದಲು ಕುಲುಮೆಗೆ ಬಂದು ಹಬೀಬುಲ್ಲಾನ ಮುಂದೆ ಕೈಮುಗಿದು ನಿಂತಳು.

"ಮಕ್ಕಳು ದಣಿದವೆ. ಮನೆಗೆ ಕರ್ಕೊಂಡು ಹೋಗಮ್ಮ," ಎಂದ ಅವನು.

ದೀಪಾವಳಿಯ ಹೊತ್ತಿಗೆ ಆ ಸೀಮೆ ತಣ್ಣಗಾಗಿತ್ತು. ಭಾರದ ಲಾರಿ ಬಾಡಿಗೆಗೆ ಒದಗುತ್ತಿರಲಿಲ್ಲವಾದ್ದರಿಂದ ಹಬೀಬುಲ್ಲಾನೇ ತಗಡುಗಳನ್ನು ಕಿತ್ತು ಹಾಕಿದ. ಆ ವಾರವೇ ಚನ್ನರಾಯಪ್ಪ ಗಂಡಹೆಂಡಿರನ್ನು ಲಾರಿಯಲ್ಲಿ ಲಿಯಾಖತನ ಗೋರಿಗೆ ಕಳಿಸಿಕೊಟ್ಟರು.

ಮಸೀದಿಯ ಹಿಂದೆ ಬೇವಿನಮರದ ಕೆಳಗೆ ಮಣ್ಣಿನ ದಿಬ್ಬ, ತಲೆಗೊಂದು ಕಲ್ಲು. ಶಹರ್ ಬಾನು ದಿಬ್ಬದ ಮೇಲೆ ಕೈಯಿಟ್ಟು ಬಹಳ ಹೊತ್ತು ಅತ್ತಳು. ಹಬೀಬುಲ್ಲಾ ಫಾತಿಹಾ ಓದಿದ, ಹುಲ್ಲು ಕಿತ್ತ. ಅಳು ಬರಬಹುದೆಂದು ಕಾದ. ಬೇವಿನ ಎಲೆ ಉದುರುತ್ತಿತ್ತು, ಮಸೀದಿಯೊಳಗೆ ಯಾರೋ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು.

ವಾಪಸು ಬರುವಾಗ ಮುನಿರಾಮಪ್ಪ ರಸ್ತೆ ಬದಿಯ ಹೋಟೆಲಿನ ಮುಂದೆ ಲಾರಿ ನಿಲ್ಲಿಸಿದ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಬಂತು. ಹಬೀಬುಲ್ಲಾ ಒಂದು ರೊಟ್ಟಿ ಮುಗಿಸಿದ, ಇನ್ನೊಂದು ಕೇಳಿದ, ಅದನ್ನೂ ಮುಗಿಸಿದ. ಎಷ್ಟೋ ತಿಂಗಳಿಂದ ಹೀಗೆ ಹಸಿದಿರಲಿಲ್ಲ. ಶಹರ್ ಬಾನು ತಾನು ತಿನ್ನದೆ ಅವನನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಎಲೆಯ ರೊಟ್ಟಿಯನ್ನು ಮುರಿದು ಅರ್ಧ ಅವನ ಎಲೆಗೆ ಹಾಕಿದಳು.